ಕೋಶ ಕೃಷಿ: ಅದು ‘ಜೀವಕೋಶ ಸಂಸ್ಕೃತಿ’ ಅಲ್ಲ, ದೇಹವೂ ಅಲ್ಲ

“ಜೀವಕೋಶ ಸಂಸ್ಕೃತಿಯಲ್ಲಿ ಕೃತಕ ಸಿಹಿ ಇನ್ಸುಲಿನ್ ಏರಿಸುತ್ತದೆ” ಅನ್ನೋ ಥರದ ಸಾಲು ಮತ್ತೆ ಕಣ್ಣಿಗೆ ಬಿತ್ತು. ಕೆಳಗಡೆ ಜನ ಆಗಲೇ ಗಾಬರಿಯಾಗಿ ಶೇರ್ ಮಾಡ್ತಾ ಇದಾರೆ. ಸಂಸ್ಕೃತಿ ಅಂತೆ! ಜೀವಕೋಶಕ್ಕೆ ಯಾವ ಸಂಸ್ಕೃತಿ? ಇದು ಇಂಗ್ಲಿಷಿನ ಸೆಲ್ ಕಲ್ಚರ್, ಅಂದ್ರೆ ಕೋಶಗಳನ್ನ ದೇಹದ ಹೊರಗೆ ಲ್ಯಾಬಲ್ಲಿ ಬೆಳೆಸೋದು, ಅನ್ನೋದರ ಪದಕ್ಕೆ ಪದ ಅನುವಾದ.

ಇಂಗ್ಲಿಷಿನ ಕಲ್ಚರ್ ಬಂದಿರೋದು ಲ್ಯಾಟಿನ್ನಿನ ಕೊಲೆರೆ ಅನ್ನೋ ಕ್ರಿಯಾಪದದಿಂದ, ಅಂದ್ರೆ ಉಳು, ಬೆಳೆಸು, ನೋಡ್ಕೊ ಅಂತ. ಅಗ್ರಿಕಲ್ಚರ್‌ನಲ್ಲಿ ಇರೋದು ಅದೇ ಮೂಲಾರ್ಥ. ಮನಸ್ಸನ್ನೂ ಹೊಲದ ಹಾಗೆ ಹದ ಮಾಡಬೇಕು ಅಂತ ರೋಮಿನ ಸಿಸೆರೊ ‘ಕುಲ್ತುರಾ ಅನಿಮಿ’ ಅಂದ, ಕಲೆ, ಆಚಾರ, ಸಂಸ್ಕಾರ ಅನ್ನೋ ಅರ್ಥವೆಲ್ಲ ಆ ದಾರೀಲಿ ಆಮೇಲೆ ಬೆಳೆದಿದ್ದು. ಲ್ಯಾಬಿನವರು ಇಟ್ಕೊಂಡಿರೋದು ಹಳೇ ಅರ್ಥ. ನಮ್ಮ ‘ಕೃಷಿ’ನೂ ಕೃಷ್ ಧಾತುವಿನಿಂದ ಬಂದಿದ್ದು, ಎಳೆ, ಉಳು ಅಂತ ಅರ್ಥ, ‘ಆಕರ್ಷಣೆ’ಯಲ್ಲಿ ಇರೋದೂ ಇದೇ ಧಾತು. ‘ಸಂಸ್ಕೃತಿ’ಯದ್ದು ಕೃ, ಅಂದ್ರೆ ಮಾಡು. ನೋಡೋಕೆ ಅಣ್ಣತಮ್ಮಂದಿರ ಥರ ಕಂಡ್ರೂ ಎರಡೂ ಬೇರೆ ಬೇರೆ ಧಾತು. ‘ಅಂಗಾಂಶ ಕೃಷಿ’ ಅಂತ ಸರಾಗವಾಗಿ ಬರೆಯೋ ನಾವು ಕೋಶದ ವಿಷಯ ಬಂದ ತಕ್ಷಣ ಯಾಕೆ ಸಂಸ್ಕೃತಿಗೆ ಹಾರ್ತೀವೋ ಗೊತ್ತಿಲ್ಲ, ಕೋಶ ಕೃಷಿ ಅಂತ ಬರೀರಿ, ಅದಾಗಲ್ಲ ಅಂದ್ರೆ ಸೆಲ್ ಕಲ್ಚರ್ ಅಂತಾನೇ ಬರೀರಿ.

ಕೃಷಿ ಅಂತ ಬರೆದ್ರೆ ಇನ್ನೊಂದು ಲಾಭ ಇದೆ, ಯಾರೋ ಬೆಳೆಸ್ತಾ ಇದಾರೆ ಅನ್ನೋದು ನೆನಪಲ್ಲಿ ಇರುತ್ತೆ. ದೇಹದಿಂದ ತೆಗೆದ ಕೋಶಗಳನ್ನ ತಟ್ಟೆಗೆ ಹಾಕಿ, ಉಪ್ಪು, ಅಮೈನೊ ಆಮ್ಲ, ವಿಟಮಿನ್, ಗ್ಲೂಕೋಸ್ ಇರೋ ದ್ರವ ಕೊಟ್ಟು, 37 ಡಿಗ್ರಿಯಲ್ಲಿ ಇಟ್ಟು ಸಾಕೋದು. ರಾಸ್ ಹ್ಯಾರಿಸನ್ 1907ರಲ್ಲಿ ಕಪ್ಪೆ ಭ್ರೂಣದ ನರ ಅಂಗಾಂಶವನ್ನ ದೇಹದ ಹೊರಗೆ ಬೆಳೆಸಿ ತೋರಿಸಿದ. ಹಾರ್ಮೋನ್ ಬಿಡೋ ಕೋಶಗಳಲ್ಲಿ ತೊಂದರೆ ಏನಂದ್ರೆ ಇನ್ಸುಲಿನ್ ತಯಾರಿಸೋ ಮೇದೋಜ್ಜೀರಕದ ಬೀಟಾ ಕೋಶಗಳು ತಟ್ಟೆಯಲ್ಲಿ ಸುಲಭಕ್ಕೆ ವಿಭಜನೆ ಆಗಲ್ಲ, ಅದಕ್ಕೇ ಹೆಚ್ಚಾಗಿ ಗಡ್ಡೆಯಿಂದ ಬಂದ, ಸಾಯದೆ ಬೆಳೀತಾನೇ ಇರೋ ಕೋಶಗಳನ್ನ ಬಳಸ್ತಾರೆ. ಎಂಐಎನ್6 ಅನ್ನೋದು ಇಲಿಯಲ್ಲಿ ಇನ್ಸುಲಿನ್ ಬಿಡೋ ಗಡ್ಡೆಯಿಂದ ಬಂದ ಕೋಶಗಳು. ಎನ್‌ಸಿಐ-ಎಚ್716 ಮನುಷ್ಯನ ದೊಡ್ಡ ಕರುಳಿನ ಕ್ಯಾನ್ಸರಿಂದ ಬಂದಿದ್ದು, ಇನ್ಸುಲಿನ್ ಬಿಡೋಕೆ ಪ್ರಚೋದಿಸೋ ಜಿಎಲ್‌ಪಿ-1 ಅನ್ನೋ ಕರುಳಿನ ಹಾರ್ಮೋನ್ ಬಿಡುತ್ತೆ.

ಈ ಕೋಶಗಳಲ್ಲಿ ಕಂಡಿದ್ದು ನಿಜವಾಗ್ಲೂ ದೊಡ್ಡ ವಿಷಯ, ಅದನ್ನ ತಳ್ಳಿಹಾಕೋಕೆ ನಾನು ಬಂದಿಲ್ಲ. ನಾಲಿಗೆಯಲ್ಲಿ ಸಿಹಿ ಹಿಡಿಯೋ ಟಿ1ಆರ್2, ಟಿ1ಆರ್3 ಅನ್ನೋ ಜೋಡಿ ಗ್ರಾಹಕಗಳ ಸುಳಿವು ಕರುಳಲ್ಲೂ ಬೀಟಾ ಕೋಶದಲ್ಲೂ ಸಿಕ್ಕಿತು. 2007ರಲ್ಲಿ ಎಚ್716 ಕೋಶಗಳಿಗೆ ಸುಕ್ರಲೋಸ್ ಅನ್ನೋ ಕೃತಕ ಸಿಹಿ ಕೊಟ್ಟಾಗ ಜಿಎಲ್‌ಪಿ-1 ಹೊರಬಂತು, ಸಿಹಿ ಗ್ರಾಹಕ ತಡೆಯೋ ಲ್ಯಾಕ್ಟಿಸೋಲ್ ಹಾಕಿದ್ರೆ ಅದು ಕಡಿಮೆಯಾಯ್ತು. 2009ರಲ್ಲಿ ಜಪಾನಿನ ತಂಡ ಎಂಐಎನ್6 ಕೋಶಗಳಲ್ಲಿ ಸುಕ್ರಲೋಸ್ ಇನ್ಸುಲಿನ್ ಬಿಡಿಸೋದನ್ನ ತೋರಿಸ್ತು.

ಅಂದ್ರೆ ಕೋಶದಲ್ಲಿ ಅಂಥದ್ದೊಂದು ದಾರಿ ಇದೆ ಅಂತಾಯ್ತು. ಊಟ ಮಾಡೋ ಮನುಷ್ಯನಲ್ಲಿ ಆ ದಾರಿ ಬಳಕೆ ಆಗುತ್ತಾ ಅನ್ನೋದನ್ನ ತಟ್ಟೆ ಹೇಳಲ್ಲ, ಹೇಳೋಕೆ ಸಾಧ್ಯನೂ ಇಲ್ಲ.

ಪ್ರಮಾಣ ನೋಡಿ. ತಟ್ಟೆಯಲ್ಲಿ ಸಿಹಿಕಾರಕ ಹಾಕೋದು ಸಾಮಾನ್ಯವಾಗಿ ಮಿಲಿಮೋಲಾರ್ ಲೆಕ್ಕದಲ್ಲಿ, ಸುಕ್ರಲೋಸ್ 10 ಮಿಲಿಮೋಲಾರ್ ಅಂದ್ರೆ ಲೀಟರಿಗೆ ಸುಮಾರು 4 ಗ್ರಾಂ ಆಯ್ತು. ಅದು ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಲೀಟರಿಗೆ 100 ಗ್ರಾಂ ಸಕ್ಕರೆಯಷ್ಟು ಸಿಹಿ ಬರೋಕೆ 0.2 ಗ್ರಾಂ ಕೂಡ ಬೇಡ. ಕುಡಿದಿದ್ರಲ್ಲಿ ಬಹುಪಾಲು ರಕ್ತಕ್ಕೆ ಹೋಗದೆ ಮಲದಲ್ಲೇ ಹೊರಗೆ ಹೋಗುತ್ತೆ. ಹಾಗಾಗಿ ಕರುಳಿನ ಕೋಶ ನೋಡೋ ಸುಕ್ರಲೋಸಿನ ಪ್ರಮಾಣವೇ ಬೇರೆ, ರಕ್ತದ ಮೂಲಕ ಬೀಟಾ ಕೋಶ ತಲುಪೋದೇ ಬೇರೆ, ಇವೆರಡನ್ನೂ ಒಂದೇ ಉಸಿರಲ್ಲಿ ಹೇಳೋ ಲೇಖನ ಕಂಡ್ರೆ ನನಗೆ ತಾಳ್ಮೆ ಹೋಗುತ್ತೆ.

ಆಸ್ಪರ್ಟೇಮ್ ಅನ್ನೋ ಇನ್ನೊಂದು ಕೃತಕ ಸಿಹಿಯ ವಿಷಯದಲ್ಲಂತೂ ಇನ್ನೂ ಮೋಸ. ಅದು ಕರುಳಲ್ಲೇ ಒಡೆದು ಫಿನೈಲ್‌ಅಲನಿನ್, ಆಸ್ಪಾರ್ಟಿಕ್ ಆಮ್ಲ, ಸ್ವಲ್ಪ ಮೆಥನಾಲ್ ಆಗಿಬಿಡುತ್ತೆ, ಇಡೀ ಆಸ್ಪರ್ಟೇಮನ್ನ ಬೀಟಾ ಕೋಶದ ಮೇಲೆ ಸುರಿದು ನೋಡಿದ್ರೆ ದೇಹದಲ್ಲಿ ನಡೆಯದ ಘಟನೆಯನ್ನ ನೋಡಿದ ಹಾಗೆ. ಮೇಲಾಗಿ ಇಲಿಯ ಸಿಹಿ ಗ್ರಾಹಕ ಆಸ್ಪರ್ಟೇಮನ್ನ ಗುರುತಿಸೋದೇ ಇಲ್ಲ. ಇಲಿ ಕೋಶದಲ್ಲಿ ಏನೂ ಆಗಲಿಲ್ಲ ಅಂತ ನಿರಾಳ ಆಗೋದೂ ಅಷ್ಟೇ ತಪ್ಪು. ಸ್ಯಾಕರಿನ್ ಅನ್ನೋ ಮತ್ತೊಂದು ಸಿಹಿ ಒಡೆಯದೆ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೋಗುತ್ತೆ, ಅದರ ಕಥೆ ಬೇರೆ. ‘ಕೃತಕ ಸಿಹಿ’ ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬೋ ಅಭ್ಯಾಸ ಮೊದಲು ಬಿಡಬೇಕು.

ಮನುಷ್ಯರಲ್ಲಿ ನೋಡಿದವರೂ ಇದಾರೆ. 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಆರೋಗ್ಯವಂತರ ಹೊಟ್ಟೆಗೆ ನೇರವಾಗಿ ಸುಕ್ರಲೋಸ್ ಬಿಟ್ಟು ನೋಡಿದಾಗ ಜಿಎಲ್‌ಪಿ-1 ಆಗಲಿ ಇನ್ಸುಲಿನ್ ಆಗಲಿ ಏರಲಿಲ್ಲ. 2013ರಲ್ಲಿ ಅಮೆರಿಕದಲ್ಲಿ ಸ್ಥೂಲಕಾಯ ಇರೋ 17 ಜನರಿಗೆ ಗ್ಲೂಕೋಸ್ ಕುಡಿಸೋ ಮೊದಲು ಸುಕ್ರಲೋಸ್ ಕೊಟ್ಟಾಗ ಇನ್ಸುಲಿನ್ ಸುಮಾರು 20% ಜಾಸ್ತಿ ಬಂತು, ಇವರು ಸಿಹಿಕಾರಕ ಬಳಸೋ ಅಭ್ಯಾಸ ಹೆಚ್ಚು ಇಲ್ಲದವರು, ಜೊತೆಗೆ ಗ್ಲೂಕೋಸ್ ಬೇರೆ ಇತ್ತು. ಎರಡು ಉತ್ತರ ಯಾಕೆ ಬೇರೆ ಬಂತು ಅಂತ ಕಾರಣ ಹುಡುಕೋವಾಗ ಕೋಶ ಕೃಷಿ ಕೆಲಸಕ್ಕೆ ಬರುತ್ತೆ, ಗ್ಲೂಕೋಸ್ ಇದ್ದಾಗ ಒಂದು ಸಲ, ಇಲ್ಲದಾಗ ಒಂದು ಸಲ ಅಂತ ಒಂದೊಂದೇ ಬದಲಾಯಿಸಿ ನೋಡೋಕೆ ತಟ್ಟೆಯಷ್ಟು ಅನುಕೂಲ ಮನುಷ್ಯರಲ್ಲಿ ಸಿಗಲ್ಲ.