ಸರದಿಯ ವಿಡಿಯೊ ಕಥೆ ನಡುವೆಯೇ ನಿಲ್ಲದಂತೆ ನಡೆಸುವುದು ಹೇಗೆ?

ಓದುಗರ ಪ್ರಶ್ನೆ: ನಾವು ಎಂಟು ಮಂದಿ ಹವ್ಯಾಸಿಗಳು ಬೇರೆ ಬೇರೆ ಊರುಗಳಲ್ಲಿದ್ದೇವೆ. ಒಬ್ಬರು ಕಥೆಯ ಒಂದು ತುಣುಕನ್ನು ಚಿತ್ರೀಕರಿಸಿ ಮುಂದಿನವರಿಗೆ ಕಳಿಸುವುದು, ಅವರು ಅದನ್ನು ಮುಂದುವರಿಸಿ ಮತ್ತೊಬ್ಬರಿಗೆ ದಾಟಿಸುವುದು, ಹೀಗೆ ರಿಲೇ ಮಾದರಿಯಲ್ಲಿ ಒಂದು ವಿಡಿಯೊ ಕಥೆ ಮಾಡಬೇಕೆಂಬ ಆಸೆ ಇದೆ. ಇಂಥ ಪ್ರಯತ್ನಗಳು ಮೂರನೆಯ ಅಥವಾ ನಾಲ್ಕನೆಯ ಕೈಗೆ ಬರುವಷ್ಟರಲ್ಲಿ ನಿಂತುಹೋಗುತ್ತವೆ, ಇಲ್ಲವೇ ಕಥೆ ದಿಕ್ಕು ತಪ್ಪುತ್ತದೆ ಎಂದು ಕೇಳಿದ್ದೇವೆ. ಪೂರ್ತಿ ಕಥೆಯನ್ನು ಮೊದಲೇ ಬರೆದಿಟ್ಟುಕೊಂಡರೆ ಆಟದ ಸೊಗಸೇ ಹೋಗುತ್ತದೆ. ಹಾಗಾದರೆ ಯಾವುದನ್ನು ಮೊದಲೇ ನಿಶ್ಚಯಿಸಬೇಕು, ಯಾವುದನ್ನು ಬಿಡಬೇಕು?

ಉತ್ತರ: ಕಥೆಯನ್ನು ಬಿಡಿ, ಕಥೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಕ್ರಮವನ್ನು ನಿಶ್ಚಯಿಸಿ. 4×100 ಮೀಟರ್ ರಿಲೇ ಓಟದಲ್ಲಿ ಕೋಲು ಬದಲಾಗಲೆಂದೇ 30 ಮೀಟರ್ ಉದ್ದದ ವಲಯವೊಂದನ್ನು ಗುರುತಿಸಿರುತ್ತಾರೆ. ಆ ವಲಯದೊಳಗೆ ಕೊಡುವವರು, ಪಡೆಯುವವರು ಇಬ್ಬರೂ ಓಡುತ್ತಿರುತ್ತಾರೆ, ಮತ್ತು ವೇಗದ ಓಟಗಾರರ ತಂಡಗಳು ಕೂಡ ಸೋಲುವುದು ಹಲವು ಬಾರಿ ಅಲ್ಲಿಯೇ. ವಿಡಿಯೊ ರಿಲೇಯಲ್ಲೂ ಒಂದೊಂದು ತುಣುಕು ತನ್ನಷ್ಟಕ್ಕೆ ಚೆನ್ನಾಗಿಯೇ ಇರುತ್ತದೆ. ಹರಿಯುವುದು ಎರಡು ತುಣುಕುಗಳ ನಡುವಿನ ಹೊಲಿಗೆ. ಆದ್ದರಿಂದ ನಿಮ್ಮ ನಿಯಮಗಳೆಲ್ಲವೂ ಆ ಹೊಲಿಗೆಯ ಸುತ್ತಲೇ ಇರಲಿ, ಉಳಿದುದರಲ್ಲಿ ಎಲ್ಲರಿಗೂ ಸ್ವಾತಂತ್ರ್ಯವಿರಲಿ.

ಮೊದಲ ತೀರ್ಮಾನ, ಸರದಿ ಬಂದವರು ಹಿಂದಿನದನ್ನು ಎಷ್ಟು ನೋಡಬಹುದು ಎಂಬುದು. ಸುಮಾರು 1925ರಲ್ಲಿ ಪ್ಯಾರಿಸ್‌ನ ಸರ್ರಿಯಲಿಸ್ಟ್ (ತರ್ಕಕ್ಕಿಂತ ಕನಸು, ಆಕಸ್ಮಿಕಗಳನ್ನು ನೆಚ್ಚಿದ ಪಂಥ) ಕವಿಗಳೂ ಚಿತ್ರಕಾರರೂ ಕಾಗದವನ್ನು ಮಡಚಿ, ಹಿಂದಿನವರು ಬರೆದದ್ದು ಅಥವಾ ಬಿಡಿಸಿದ್ದು ಕಾಣದಂತೆ ಮುಂದಿನವರಿಗೆ ಕೊಡುವ ಆಟವನ್ನು ಆಡುತ್ತಿದ್ದರು. ಅಲ್ಲಿ ಅಸಂಗತತೆಯೇ ಗುರಿ. ಜಪಾನಿನ ರೆಂಗಾ ಎಂಬ ಸರಣಿ ಕಾವ್ಯದ ದಾರಿ ಬೇರೆ: ಕವಿಗಳು ಒಟ್ಟಿಗೆ ಕುಳಿತು ಎಲ್ಲವನ್ನೂ ಕೇಳುತ್ತಲೇ ಕಟ್ಟುತ್ತಾರೆ, ಪ್ರತಿ ಪದ್ಯವೂ ತನ್ನ ಹಿಂದಿನ ಪದ್ಯದೊಂದಿಗೆ ಬೆಸೆದುಕೊಳ್ಳಬೇಕು, ಆದರೆ ಅದಕ್ಕೂ ಹಿಂದಿನದರ ಭಾವಕ್ಕೆ ಮರಳಬಾರದು. 1488ರಲ್ಲಿ ಸೋಗಿ ಎಂಬ ಕವಿ ಮತ್ತು ಅವನ ಇಬ್ಬರು ಶಿಷ್ಯರು ಹೀಗೆ ಕಟ್ಟಿದ ನೂರು ಪದ್ಯಗಳ ಸರಣಿ ಆ ಪ್ರಕಾರದ ಮಾದರಿಯಾಗಿ ಉಳಿದಿದೆ. ಮೊದಲ ಬಾರಿ ಸೇರುತ್ತಿರುವ ತಂಡ ಈ ಎರಡನೆಯ ದಾರಿಯನ್ನೇ ಹಿಡಿಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದುವರೆಗಿನ ತುಣುಕುಗಳೆಲ್ಲವನ್ನೂ ಎಲ್ಲರೂ ನೋಡಲಿ. ಕೊನೆಯ ಕೆಲವು ಸೆಕೆಂಡುಗಳನ್ನು ಮಾತ್ರ ತೋರಿಸುವ ಗುಟ್ಟಿನ ಆಟ ರೋಚಕವೇನೋ ಹೌದು, ಆದರೆ ಅದರಿಂದ ಹುಟ್ಟುವುದು ಕಥೆಗಿಂತ ಹೆಚ್ಚಾಗಿ ಚಿತ್ರಮಾಲೆ; ಅದನ್ನು ಎರಡನೆಯ ಸುತ್ತಿಗೆ ಇಟ್ಟುಕೊಳ್ಳಿ.

ಕಥೆ ದಿಕ್ಕು ತಪ್ಪದಿರಲು ಇನ್ನೊಂದು ಹಳೆಯ ಉಪಾಯವಿದೆ. ಬ್ರಿಟನ್ನಿನ ಡಿಟೆಕ್ಷನ್ ಕ್ಲಬ್ಬಿನ ಪತ್ತೇದಾರಿ ಲೇಖಕರು, ಅಗಾಥಾ ಕ್ರಿಸ್ಟಿ ಮತ್ತು ಡೊರೊಥಿ ಸೇಯರ್ಸ್ ಸೇರಿದಂತೆ, 1931ರಲ್ಲಿ ಅಧ್ಯಾಯಕ್ಕೊಬ್ಬರಂತೆ ಒಂದು ಕಾದಂಬರಿಯನ್ನು ಬರೆದಾಗ, ಸುಮ್ಮನೆ ತೊಡಕು ಸೃಷ್ಟಿಸಿ ಮುಂದಿನವರ ತಲೆಗೆ ಕಟ್ಟಬಾರದು, ತಾನು ಸೇರಿಸಿದ ತೊಡಕನ್ನು ಬಿಡಿಸುವ ಬಗೆಯೊಂದು ತನ್ನ ಮನಸ್ಸಿನಲ್ಲಿರಬೇಕು, ಅದನ್ನು ಬರಹದಲ್ಲಿ ಒಪ್ಪಿಸಬೇಕು ಎಂಬ ನಿಯಮವನ್ನು ಹಾಕಿಕೊಂಡಿದ್ದರು. ನಿಮ್ಮಲ್ಲೂ ಪ್ರತಿಯೊಬ್ಬರು ತಮ್ಮ ತುಣುಕಿನ ಜೊತೆಗೆ, ಈ ಕಥೆ ಹೇಗೆ ಮುಗಿಯಬಹುದೆಂದು ಎರಡು ಮೂರು ವಾಕ್ಯಗಳಲ್ಲಿ ಬರೆದು, ಇಡೀ ಆಟವನ್ನು ನೋಡಿಕೊಳ್ಳುವ ಸಂಚಾಲಕರಿಗೆ ಮಾತ್ರ ಕಳಿಸಲಿ. ಅದನ್ನು ಮುಂದಿನವರು ನೋಡುವಂತಿಲ್ಲ, ಅನುಸರಿಸಬೇಕಾಗಿಯೂ ಇಲ್ಲ. ಆದರೆ ಬರೆಯಲೇಬೇಕೆಂದಾಗ, ಅರ್ಥವಿಲ್ಲದ ತಿರುವನ್ನು ಚಪಲಕ್ಕಾಗಿ ಹಾಕುವ ಅಭ್ಯಾಸ ತಾನಾಗಿಯೇ ತಗ್ಗುತ್ತದೆ, ಮತ್ತು ಯಾರಾದರೂ ದಾರಿ ಕಾಣದೆ ನಿಂತರೆ ಸಂಚಾಲಕರು ಹಿಂದಿನವರ ಊಹೆಯೊಂದನ್ನು ಅವರಿಗೆ ಕೊಡಬಹುದು.

ಈಗ ಎಲ್ಲಕ್ಕಿಂತ ಕಠಿಣವಾದ ತೊಡಕಿಗೆ ಬರೋಣ. ಬರಹದ ರಿಲೇಯಲ್ಲಿ ಪಾತ್ರದ ಹೆಸರನ್ನು ಬರೆದರೆ ಸಾಕು, ಆ ಪಾತ್ರ ಮುಂದಿನ ಅಧ್ಯಾಯಕ್ಕೆ ಬಂದುಬಿಡುತ್ತದೆ. ವಿಡಿಯೊದಲ್ಲಿ ಹಾಗಾಗುವುದಿಲ್ಲ. ಮೊದಲ ತುಣುಕಿನಲ್ಲಿ ಕಂಡ ಮುಖ ಮೊದಲ ಊರಿನಲ್ಲಿಯೇ ಉಳಿಯುತ್ತದೆ. ಎರಡನೆಯವರ ಬಳಿ ಆ ನಟರಿಲ್ಲ, ಆ ಮನೆಯಿಲ್ಲ, ಆ ಬೀದಿಯಿಲ್ಲ. ಹೆಚ್ಚಿನ ತಂಡಗಳು ಇದನ್ನು ಯೋಚಿಸದೆ ಆರಂಭಿಸುತ್ತವೆ, ಎರಡನೆಯವರು ಬೇರೆ ಮುಖವನ್ನು ತಂದಾಗ ನೋಡುಗರಿಗೆ ಹೊಸ ಕಥೆ ಶುರುವಾದಂತೆ ಭಾಸವಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಮುಖದ ಮೇಲೆ ನಿಲ್ಲದ ನಾಯಕನನ್ನು ಆರಿಸಿಕೊಳ್ಳುವುದು. ನಾಯಕ ಒಂದು ವಸ್ತುವೇ ಆಗಬಹುದು: ಕೈಯಿಂದ ಕೈಗೆ ಹೋಗುವ ಕೆಂಪು ಕೊಡೆ, ಯಾರದೋ ವಿಳಾಸ ಬರೆದ ಲಕೋಟೆ, ನಿಂತುಹೋದ ಗಡಿಯಾರ. ಎಲ್ಲ ಊರಿನಲ್ಲೂ ಸಿಗುವಂಥ ಸರಳ ವಸ್ತುವನ್ನೇ ಆರಿಸಿ, ಅದರ ಬಣ್ಣ, ಅಳತೆ ಮತ್ತು ಒಂದು ಗುರುತನ್ನು ಮೊದಲೇ ನಿರ್ಧರಿಸಿದರೆ ಎಂಟೂ ಕಡೆ ಅದು ಒಂದೇ ವಸ್ತುವಾಗಿ ಕಾಣುತ್ತದೆ. ಇಲ್ಲವಾದರೆ ನಾಯಕನ ಕಣ್ಣೇ ಕ್ಯಾಮೆರಾ ಆಗಲಿ, ನಮಗೆ ಕಾಣುವುದು ಅವನ ಕೈಗಳು, ನೆರಳು ಮತ್ತು ಅವನು ನೋಡುವ ಜಗತ್ತು ಮಾತ್ರ. ಮೂರನೆಯ ದಾರಿ ಹಿನ್ನೆಲೆಯ ದನಿ: ಎಂಟು ಮಂದಿಯ ಚಿತ್ರಿಕೆಗಳಿಗೂ ಒಬ್ಬರೇ ನಿರೂಪಣೆ ಓದುತ್ತಾರೆ, ಪ್ರತಿಯೊಬ್ಬರು ತಮ್ಮ ಭಾಗದ ಮಾತುಗಳನ್ನು ಬರೆದು ಅವರಿಗೆ ಕಳಿಸುತ್ತಾರೆ. ಕಣ್ಣಿಗೆ ಎಷ್ಟೇ ಬದಲಾವಣೆ ಕಂಡರೂ ಕಿವಿಗೆ ಒಂದೇ ಕಂಠ ಕೇಳುತ್ತಿದ್ದರೆ ನೋಡುಗರು ಕಥೆಯನ್ನು ಒಂದೆಂದೇ ನಂಬುತ್ತಾರೆ. ಈ ಮೂರರಲ್ಲಿ ನಾನು ಹೊಸ ತಂಡಕ್ಕೆ ಸೂಚಿಸುವುದು ವಸ್ತು ಮತ್ತು ದನಿ ಎರಡನ್ನೂ ಕೂಡಿಸಿದ ರೂಪವನ್ನು.

ಇನ್ನು ಹೊಲಿಗೆಯ ವಿಷಯ. ಪ್ರತಿ ತುಣುಕಿನ ಕೊನೆಯ ಶಾಟ್‌ನಲ್ಲಿ ಒಂದು ಕ್ರಿಯೆ ಆರಂಭವಾಗಿರಬೇಕು, ಮುಗಿದಿರಬಾರದು. ಕೈ ಬಾಗಿಲಿನ ಹಿಡಿಯನ್ನು ತಿರುಗಿಸುತ್ತದೆ ಎಂಬಲ್ಲಿಗೆ ಒಬ್ಬರು ನಿಲ್ಲಿಸಿದರೆ, ಇನ್ನೊಬ್ಬರು ಬೇರೊಂದು ಊರಿನ ಬೇರೊಂದು ಬಾಗಿಲು ತೆರೆಯುವುದರಿಂದ ಆರಂಭಿಸಬಹುದು. ಚಲನೆಯ ನಡುವೆ ಕತ್ತರಿಸಿದ ಎರಡು ಶಾಟ್‌ಗಳನ್ನು ಕಣ್ಣು ಒಂದೇ ಕ್ರಿಯೆಯಾಗಿ ಓದುತ್ತದೆ, ಸ್ಥಳ ಬದಲಾದುದನ್ನು ಬೇಗನೆ ಕ್ಷಮಿಸುತ್ತದೆ. ಚಲನೆಯ ದಿಕ್ಕೂ ಮುಖ್ಯ: ವಸ್ತುವೋ ವ್ಯಕ್ತಿಯೋ ಫ್ರೇಮಿನ ಬಲ ಅಂಚಿನಿಂದ ಹೊರಗೆ ಹೋದರೆ, ಮುಂದಿನ ಶಾಟ್‌ನಲ್ಲಿ ಎಡ ಅಂಚಿನಿಂದ ಒಳಗೆ ಬರಬೇಕು, ಮತ್ತೆ ಬಲದಿಂದಲೇ ಬಂದರೆ ಹಿಂದಿರುಗಿ ಬಂದಂತೆ ಕಾಣುತ್ತದೆ. ಹಸ್ತಾಂತರಿಸುವವರು ಕೊನೆಯ ಶಾಟ್‌ನ ಒಂದು ಸ್ಥಿರಚಿತ್ರವನ್ನೂ, ಅದರೊಂದಿಗೆ ಮೂರು ಸಾಲಿನ ಟಿಪ್ಪಣಿಯನ್ನೂ ಕಳಿಸಲಿ: ಚಲನೆ ಯಾವ ದಿಕ್ಕಿಗೆ, ಬೆಳಕು ಯಾವ ಹೊತ್ತಿನದು, ವಸ್ತು ಯಾವ ಸ್ಥಿತಿಯಲ್ಲಿದೆ. ಕೊಡೆ ಒದ್ದೆಯಾಗಿತ್ತೇ, ಲಕೋಟೆ ಒಡೆದಿತ್ತೇ ಎಂಬುದನ್ನು ಬರೆದಿಡದಿದ್ದರೆ ಎಂಟು ಕೈ ದಾಟುವಷ್ಟರಲ್ಲಿ ಒಡೆದ ಲಕೋಟೆ ಮತ್ತೆ ಅಂಟಿಕೊಂಡಿರುತ್ತದೆ. ಕತ್ತರಿಸುವ ಜಾಗದ ಆಚೆಗೂ ಎರಡು ಮೂರು ಸೆಕೆಂಡು ಹೆಚ್ಚುವರಿಯಾಗಿ ಚಿತ್ರೀಕರಿಸಿ ಕೊಡುವುದು ಸಂಕಲನಕಾರರಿಗೆ ದೊಡ್ಡ ಉಪಕಾರ.

ತಾಂತ್ರಿಕ ನಿಯಮಗಳು ಕಡಿಮೆಯಿದ್ದಷ್ಟೂ ಒಳ್ಳೆಯದು, ಆದರೆ ಇರುವವು ಕಡ್ಡಾಯವಾಗಿರಲಿ. ಅಡ್ಡವಾಗಿ ಹಿಡಿದ ಮೊಬೈಲ್, 1920×1080 ಪಿಕ್ಸೆಲ್ ಗಾತ್ರ, ಎಲ್ಲರಿಗೂ ಒಂದೇ ಫ್ರೇಮ್ ದರ, ಅಂದರೆ ಸೆಕೆಂಡಿಗೆ ಸೆರೆಹಿಡಿಯುವ ಚಿತ್ರಗಳ ಸಂಖ್ಯೆ. ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಇರುವ ದೇಶಗಳಲ್ಲಿ ಸೆಕೆಂಡಿಗೆ 25 ಫ್ರೇಮ್, 60 ಹರ್ಟ್ಸ್ ಇರುವಲ್ಲಿ 30 ಫ್ರೇಮ್ ಆರಿಸಿಕೊಂಡರೆ ಒಳಾಂಗಣದ ದೀಪಗಳ ಮಿನುಗು ಚಿತ್ರದಲ್ಲಿ ಕಾಣುವುದು ತಗ್ಗುತ್ತದೆ. ಹೊಸ ಮೊಬೈಲ್‌ಗಳಲ್ಲಿ ಎಚ್‌ಡಿಆರ್ ಎಂಬ, ಬೆಳಕು ನೆರಳಿನ ವ್ಯಾಪ್ತಿಯನ್ನು ಹಿಗ್ಗಿಸಿ ತೋರಿಸುವ ಆಯ್ಕೆ ಹಲವು ಬಾರಿ ತಾನಾಗಿಯೇ ಆನ್ ಆಗಿರುತ್ತದೆ. ಕೆಲವರದು ಆನ್ ಆಗಿ ಕೆಲವರದು ಆಫ್ ಆಗಿದ್ದರೆ, ಜೋಡಿಸುವಾಗ ಒಂದು ತುಣುಕು ಮಾಸಲಾಗಿಯೂ ಮತ್ತೊಂದು ಕಣ್ಣು ಕುಕ್ಕುವಂತೆಯೂ ಕಾಣುತ್ತದೆ. ಎಲ್ಲರೂ ಅದನ್ನು ಆಫ್ ಮಾಡಿಕೊಳ್ಳಲಿ. ಮೊಬೈಲ್‌ನ ಫ್ರೇಮ್ ದರ ಬೆಳಕಿಗೆ ತಕ್ಕಂತೆ ಏರಿಳಿಯುವುದರಿಂದ ದೀರ್ಘ ಶಾಟ್‌ಗಳಲ್ಲಿ ತುಟಿ ಮತ್ತು ಮಾತು ಬೇರೆಯಾಗುವುದುಂಟು, ಅದನ್ನು ಸಂಕಲನಕ್ಕೆ ಮೊದಲು ಸ್ಥಿರ ದರಕ್ಕೆ ಪರಿವರ್ತಿಸಿಕೊಳ್ಳಬೇಕು. ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಸಾಧಾರಣ ವಿಡಿಯೊ ಆಗಿ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಹಂಚಿಕೊಂಡ ಡ್ರೈವ್‌ಗೆ ಏರಿಸಿ. ಸೆಕೆಂಡಿಗೆ 20 ಮೆಗಾಬಿಟ್ ದರದಲ್ಲಿ ಒಂದು ನಿಮಿಷದ ವಿಡಿಯೊ ಸುಮಾರು 150 ಮೆಗಾಬೈಟ್ ಆಗುತ್ತದೆ, ಇದು ಎಂಟು ಮಂದಿಗೂ ಹೊರಲಾಗದ ಹೊರೆಯೇನಲ್ಲ.

ಶಬ್ದವನ್ನು ಹವ್ಯಾಸಿಗಳು ಚಿತ್ರದಷ್ಟು ಗಮನಿಸುವುದಿಲ್ಲ, ಆದರೆ ನೋಡುಗರು ಮಂಕಾದ ಚಿತ್ರವನ್ನು ಸಹಿಸಿದಷ್ಟು ಕೆಟ್ಟ ಶಬ್ದವನ್ನು ಸಹಿಸುವುದಿಲ್ಲ. ಮಾತನ್ನು ಮತ್ತೊಂದು ಮೊಬೈಲ್‌ನಲ್ಲಿ ಬಾಯಿಯ ಹತ್ತಿರ ಹಿಡಿದು ಮುದ್ರಿಸಿಕೊಳ್ಳಿ. ಚಿತ್ರೀಕರಣ ಮುಗಿದ ಮೇಲೆ ಅದೇ ಸ್ಥಳದಲ್ಲಿ ಎಲ್ಲರೂ ಸುಮ್ಮನಿದ್ದು 30 ಸೆಕೆಂಡು ಬರಿಯ ಪರಿಸರದ ಸದ್ದನ್ನು ಮುದ್ರಿಸಿ ಕೊಡಿ. ಎರಡು ಊರುಗಳ ನಡುವಿನ ಹೊಲಿಗೆಯನ್ನು ಮುಚ್ಚುವುದು ಬಹುಪಾಲು ಈ ಸದ್ದೇ: ಮುಂದಿನ ಊರಿನ ಸದ್ದು ಚಿತ್ರಕ್ಕಿಂತ ಒಂದು ಸೆಕೆಂಡು ಮೊದಲೇ ಕೇಳಿಸಲಾರಂಭಿಸಿದರೆ ನೋಡುಗರ ಮನಸ್ಸು ಅಲ್ಲಿಗೆ ಆಗಲೇ ಹೋಗಿರುತ್ತದೆ.

ಆಟ ನಿಂತುಹೋಗುವುದು ಬಹುತೇಕ ಯಾರಿಗೂ ಮನಸ್ಸಿಲ್ಲದೆ ಅಲ್ಲ. ಸರದಿ ಬಂದಾಗ ಕೆಲಸವೋ ಕಾಯಿಲೆಯೋ ಅಡ್ಡ ಬರುತ್ತದೆ, ಹೇಳಲು ಸಂಕೋಚವಾಗುತ್ತದೆ, ಕೇಳಲು ಉಳಿದವರಿಗೆ ಸಂಕೋಚವಾಗುತ್ತದೆ, ಅಷ್ಟರಲ್ಲಿ ಉತ್ಸಾಹ ಆರುತ್ತದೆ. ಆದ್ದರಿಂದ ತುಣುಕಿನ ಉದ್ದ 60ರಿಂದ 90 ಸೆಕೆಂಡಿಗೆ ಮೀರದಿರಲಿ, ಚಿತ್ರೀಕರಣಕ್ಕೆ 5 ದಿನ, ಹಸ್ತಾಂತರಕ್ಕೆ 1 ದಿನ ಎಂದು ಗೊತ್ತುಮಾಡಿ. ಎಂಟು ಮಂದಿಗೆ 48 ದಿನ, ಅಂದರೆ ಸುಮಾರು ಏಳು ವಾರ. ಹತ್ತು ಹತ್ತು ದಿನ ಕೊಟ್ಟರೆ ಎಂಬತ್ತಕ್ಕೆ ಹೋಗುತ್ತದೆ, ಮೊದಲ ತುಣುಕು ಮಾಡಿದವರಿಗೆ ಕಥೆಯೇ ಮರೆತಿರುತ್ತದೆ. ಹಸ್ತಾಂತರದ ಆ ಒಂದು ದಿನ ಇಬ್ಬರೂ ಫೋನಿನಲ್ಲಿ ಮಾತನಾಡಲೇಬೇಕು; ಬರೀ ಕಡತ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ. ಐದನೆಯ ದಿನ ತುಣುಕು ಬಾರದಿದ್ದರೆ ಏನಾಗುತ್ತದೆ ಎಂಬುದೂ ಮೊದಲೇ ಗೊತ್ತಿರಲಿ: ಸರದಿ ತಾನಾಗಿಯೇ ಮುಂದಿನವರಿಗೆ ಹೋಗುತ್ತದೆ, ತಪ್ಪಿದವರು ಮುಂದೆ ಎಲ್ಲಾದರೂ ಸೇರಿಕೊಳ್ಳಬಹುದು, ಯಾರೂ ಕಾರಣ ಕೇಳುವುದಿಲ್ಲ. ಕಾರಣ ಕೇಳದಿರುವ ಈ ನಿಯಮವೇ ತಂಡದ ಸ್ನೇಹವನ್ನೂ ಕಥೆಯನ್ನೂ ಉಳಿಸುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕಥೆಯ ಮೇಲೆ ಹಾಕಬೇಕಾದ ಕಟ್ಟುಗಳು ಕೆಲವೇ. ವಸ್ತುವನ್ನು ನಾಶಮಾಡಬಾರದು. ಇದೆಲ್ಲ ಕನಸಾಗಿತ್ತು ಎಂದು ಹಿಂದಿನವರ ಶ್ರಮವನ್ನು ಅಳಿಸಬಾರದು. ಐದನೆಯ ತುಣುಕಿನ ನಂತರ ಹೊಸ ಪಾತ್ರ ಬರಬಾರದು. ಸರದಿಯ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸುವುದು ನ್ಯಾಯವೆನಿಸಿದರೂ ಕೊನೆಯ ಎರಡು ಜಾಗಗಳನ್ನು ಅದರಿಂದ ಹೊರಗಿಡಿ. ಮುಗಿಸುವವರಿಗಿಂತ ಅವರ ಹಿಂದಿನವರ ಕೆಲಸ ಕಷ್ಟದ್ದು, ಏಕೆಂದರೆ ತೆರೆದುಕೊಂಡಿರುವ ಎಳೆಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಕಟ್ಟಬೇಕು ಎಂದು ಆಯುವುದು ಏಳನೆಯವರೇ. ತಂಡದಲ್ಲಿ ಹೆಚ್ಚು ಅನುಭವವುಳ್ಳವರು ಆ ಜಾಗದಲ್ಲಿರಲಿ, ಹೊಸಬರು ಎರಡನೆಯದರಿಂದ ನಾಲ್ಕನೆಯದರವರೆಗಿನ ಜಾಗಗಳಲ್ಲಿರಲಿ.

ಸಂಕಲನವನ್ನು ಒಬ್ಬರಿಗೇ ಒಪ್ಪಿಸಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಾಗಲಿ, ಕೆಡೆನ್‌ಲೈವ್ ಅಥವಾ ಶಾಟ್‌ಕಟ್‌ನಂಥ ಮುಕ್ತ ತಂತ್ರಾಂಶಗಳಾಗಲಿ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಬಣ್ಣ ಮತ್ತು ಶಬ್ದದ ಮಟ್ಟವನ್ನು ಸರಿದೂಗಿಸುವುದು, ಹೊಲಿಗೆಯ ಬಳಿ ಕೆಲವು ಫ್ರೇಮ್‌ಗಳನ್ನು ಕತ್ತರಿಸುವುದು ಅವರ ಅಧಿಕಾರ. ಅದಕ್ಕಿಂತ ಹೆಚ್ಚಿನ ಬದಲಾವಣೆಗೆ ಆ ತುಣುಕು ಮಾಡಿದವರನ್ನು ಕೇಳಲೇಬೇಕು, ಏಕೆಂದರೆ ಒಬ್ಬರ ರುಚಿಗೆ ತಕ್ಕಂತೆ ಎಲ್ಲವನ್ನೂ ತಿದ್ದಿದರೆ ಎಂಟು ಕಣ್ಣೋಟಗಳು ಸೇರಿದ ಕೃತಿ ಒಬ್ಬರದಾಗಿಬಿಡುತ್ತದೆ.

ಚಿತ್ರವನ್ನು ಎಲ್ಲಿ, ಯಾರಿಗೆ ತೋರಿಸುವಿರಿ ಎಂಬ ಮಾತನ್ನು ಮೊದಲ ಶಾಟ್‌ಗೆ ಮುನ್ನವೇ ಬರಹದಲ್ಲಿ ಮುಗಿಸಿಕೊಳ್ಳಿ. ಚಿತ್ರದಲ್ಲಿ ಮುಖ ಕಾಣಿಸಿಕೊಳ್ಳುವ ಎಲ್ಲರ ಒಪ್ಪಿಗೆ ಬೇಕು, ಮಕ್ಕಳಿದ್ದರೆ ಅವರ ಪೋಷಕರದ್ದು. ಸಂಗೀತ ನೀವೇ ಮಾಡಿದ್ದಾಗಿರಲಿ ಅಥವಾ ಬಳಕೆಗೆ ಸ್ಪಷ್ಟ ಅನುಮತಿ ಇರುವಂಥದ್ದಾಗಿರಲಿ. ಎಂಟು ಮಂದಿಯಲ್ಲಿ ಒಬ್ಬರಿಗೆ ಸಾರ್ವಜನಿಕ ಪ್ರದರ್ಶನ ಬೇಡವೆನಿಸಿದರೆ ಚಿತ್ರ ತಂಡದೊಳಗೇ ಉಳಿಯುತ್ತದೆ ಎಂಬ ಒಪ್ಪಂದವಿರಲಿ. ಆ ಭರವಸೆಯಿದ್ದರೆ ಕ್ಯಾಮೆರಾದ ಮುಂದೆ ಹಿಂಜರಿಯುವವರೂ ಸರದಿಗೆ ಹೆಸರು ಕೊಡುತ್ತಾರೆ. ಪ್ರದರ್ಶನದ ದಿನ ಚಿತ್ರ ಮುಗಿದ ಮೇಲೆ, ಸಂಚಾಲಕರ ಬಳಿ ಇರುವ ಮುಕ್ತಾಯದ ಊಹೆಗಳನ್ನು ಸರದಿಯ ಕ್ರಮದಲ್ಲಿಯೇ ಓದಿ ಹೇಳಿ. ಮುಂದಿನ ಸುತ್ತಿನ ಕಥೆ ಅವುಗಳಲ್ಲೊಂದರಿಂದಲೇ ಆರಂಭವಾಗಬಹುದು.