ಸ್ಟಿರಾಯ್ಡ್ ಶುರುವಾದ ದಿನವೇ ಎಲುಬಿನ ಲೆಕ್ಕ

ಮುಂಬೈಯ ಓಪಿಡಿಗಳಲ್ಲಿ ಸಂಧಿವಾತ, ಲೂಪಸ್, ಆಸ್ತಮಾ ಚೀಟಿ ನೋಡುವ ಕನ್ನಡದ ಗೆಳೆಯರಿಗೆ ಈ ಟಿಪ್ಪಣಿ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೆಳಗೆ ಒಂದು ಕ್ಯಾಲ್ಸಿಯಂ ಮಾತ್ರೆ ಬರೆದು ಎಲುಬಿನ ವಿಷಯ ಮುಗಿಸಿಬಿಡುವ ರೂಢಿ ಇದೆ. ಅಪಾಯ ಹೆಚ್ಚಿದ್ದವರಿಗೆ ಅದು ಏನೇನೂ ಸಾಲದು.

ಪ್ರೆಡ್ನಿಸೊಲೋನ್ ದಿನಕ್ಕೆ 2.5 ಮಿ.ಗ್ರಾಂ. ಅಥವಾ ಹೆಚ್ಚು, 3 ತಿಂಗಳು ದಾಟುವಂತಿದ್ದರೆ ಎಲುಬಿನ ತಪಾಸಣೆ ಬೇಕೇ ಬೇಕು. ಸವೆತ ಜೋರಾಗಿರುವುದೇ ಮೊದಲ ಕೆಲವು ತಿಂಗಳಲ್ಲಿ, ಕಾದು ನೋಡುವಷ್ಟು ಪುರುಸೊತ್ತಿಲ್ಲ. ಸ್ಟಿರಾಯ್ಡ್‌ನಿಂದ ಎಲುಬು ಕಟ್ಟುವ ಜೀವಕೋಶಗಳಾದ ಆಸ್ಟಿಯೋಬ್ಲಾಸ್ಟ್‌ಗಳೂ ಒಳಗಿನ ಆಸ್ಟಿಯೋಸೈಟ್‌ಗಳೂ ಸಾಯುತ್ತವೆ; ಕರುಳು ಕ್ಯಾಲ್ಸಿಯಂ ಕಡಿಮೆ ಹೀರುತ್ತದೆ, ಮೂತ್ರದಲ್ಲಿ ಹೆಚ್ಚು ಹೋಗುತ್ತದೆ. ತೊಡೆಯ ಸ್ನಾಯು ಸೊರಗಿ ಬೀಳುವುದೂ ಹೆಚ್ಚು. ಎಲುಬಿನ ಗುಣಮಟ್ಟವೇ ಕೆಡುವುದರಿಂದ ಡೆಕ್ಸಾದ (ಮೂಳೆ ಸಾಂದ್ರತೆ ಅಳೆಯುವ ಸ್ಕ್ಯಾನ್) ಅಂಕಿ ಪರವಾಗಿಲ್ಲ ಅನಿಸಿದರೂ ಮೂಳೆ ಮುರಿಯಬಹುದು. ಬೆನ್ನುಮೂಳೆ ಎಷ್ಟೋ ಸಲ ನೋವೇ ಇಲ್ಲದೆ ಕುಸಿದಿರುತ್ತದೆ. ಹಾಗಾಗಿ ಎತ್ತರ ಅಳೆಯಿರಿ, ಬೆನ್ನಿನ ಪಕ್ಕದ ಎಕ್ಸ್‌ರೇ ತೆಗೆಸಿ.

40 ದಾಟಿದವರಿಗೆ ಫ್ರಾಕ್ಸ್ (ಮುಂದಿನ 10 ವರ್ಷದಲ್ಲಿ ಮೂಳೆ ಮುರಿಯುವ ಅಪಾಯ ಹೇಳುವ ಲೆಕ್ಕ) ಹಾಕುವಾಗ ಎಡವುವುದು ಇಲ್ಲಿ: ಅದರ 'ಸ್ಟಿರಾಯ್ಡ್: ಹೌದು' ಖಾನೆ ಮಧ್ಯಮ ಡೋಸ್‌ಗೆ ಮಾತ್ರ ಸರಿ. 7.5 ಮಿ.ಗ್ರಾಂ. ಮೀರಿದರೆ ಪ್ರಮುಖ ಮುರಿತದ (ಬೆನ್ನುಮೂಳೆ, ಸೊಂಟ, ಮುಂಗೈ, ಭುಜ) ಅಪಾಯವನ್ನು 1.15ರಿಂದ, ಸೊಂಟದ್ದನ್ನು 1.2ರಿಂದ ಗುಣಿಸಬೇಕು. 10 ಮಿ.ಗ್ರಾಂ. ತಗೊಳ್ಳುವವರಿಗೆ ಪ್ರಮುಖ ಮುರಿತದ ಅಪಾಯ 18% ಬಂತೆನ್ನಿ, ಗುಣಿಸಿದರೆ 20.7%. ಅಂದರೆ 20ರ ಗೆರೆ ದಾಟಿ 'ಹೆಚ್ಚು ಅಪಾಯ'ದ ಗುಂಪಿಗೆ ಸೇರಿದರು.

ಕ್ಯಾಲ್ಸಿಯಂ ಊಟವೂ ಸೇರಿ ದಿನಕ್ಕೆ 1000–1200 ಮಿ.ಗ್ರಾಂ. 100 ಗ್ರಾಂ ರಾಗಿಯಲ್ಲೇ ಸುಮಾರು 350 ಸಿಗುತ್ತದೆ. ಮನೆಯಲ್ಲಿ ಮುದ್ದೆಯೋ ನಾಚ್ಣಿ (ರಾಗಿ) ಭಾಕ್ರಿಯೋ ಕೇಳಿಕೊಂಡು ಉಳಿದದ್ದಕ್ಕಷ್ಟೇ ಮಾತ್ರೆ ಕೊಡಿ. ವಿಟಮಿನ್ ಡಿ 600–800 ಐಯು; ರಕ್ತದಲ್ಲಿ ಕಡಿಮೆಯಿದ್ದರೆ ಮೊದಲು ಅದನ್ನು ತುಂಬಿಸಬೇಕು, ಇಲ್ಲವಾದರೆ ಮೂಳೆ ಸವೆತ ತಡೆಯುವ ಜೋಲೆಡ್ರೋನೇಟ್ ಚುಚ್ಚುಮದ್ದು ಕೊಟ್ಟಾಗ ರಕ್ತದ ಕ್ಯಾಲ್ಸಿಯಂ ಪಾತಾಳಕ್ಕಿಳಿಯಬಹುದು.

ಅಪಾಯ ಹೆಚ್ಚಿದ್ದವರಿಗೆ ಸಾಮಾನ್ಯವಾಗಿ ಕೈಗೆಟುಕುವ, ಮೂಳೆ ಸವೆತ ತಡೆಯುವ ಔಷಧ ಅಲೆಂಡ್ರೋನೇಟ್ 70 ಮಿ.ಗ್ರಾಂ., ವಾರಕ್ಕೊಮ್ಮೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಲೋಟ ತುಂಬ ಬರೀ ನೀರಿನ ಜತೆ. ಅರ್ಧ ಗಂಟೆ ಮಲಗಬಾರದು, ಅನ್ನನಾಳ ಸುಡುತ್ತದೆ. ನುಂಗಿ ಡೊಂಬಿವ್ಲಿ ಲೋಕಲ್‌ನಲ್ಲಿ ನಿಂತು ಬಂದರೆ ಅಡ್ಡಿಯಿಲ್ಲ, ಸ್ಟೇಷನ್ ಚಹಾ ಮಾತ್ರ ಆಮೇಲೆ. ಕ್ಯಾಲ್ಸಿಯಂ ಮಾತ್ರೆ ಊಟದ ಹೊತ್ತಿಗಿರಲಿ. ಇಜಿಎಫ್‌ಆರ್ (ಮೂತ್ರಪಿಂಡ ಎಷ್ಟು ಸೋಸುತ್ತದೆಂಬ ಅಳತೆ) 35ಕ್ಕಿಂತ ಕೆಳಗಿದ್ದರೆ ಅಲೆಂಡ್ರೋನೇಟ್ ಬೇಡ. ಆಗಲೇ ಮೂಳೆ ಮುರಿದವರಲ್ಲಿ ಹೊಸ ಎಲುಬು ಬೆಳೆಸುವ ಚುಚ್ಚುಮದ್ದು ಟೆರಿಪ್ಯಾರಟೈಡ್ ಯೋಚಿಸಬೇಕು, ದುಬಾರಿಯಾದರೂ.

ಮೂಳೆ ಸವೆತ ತಡೆಯುವ ಇನ್ನೊಂದು ಚುಚ್ಚುಮದ್ದು ಡೆನೊಸುಮ್ಯಾಬ್ 60 ಮಿ.ಗ್ರಾಂ. 6 ತಿಂಗಳಿಗೊಮ್ಮೆ. ಸ್ಟಿರಾಯ್ಡ್ ನಿಂತಿತೆಂದು ಇದನ್ನೂ ಸುಮ್ಮನೆ ನಿಲ್ಲಿಸಿದರೆ ಒಂದರ ಹಿಂದೊಂದು ಕಶೇರು (ಬೆನ್ನುಮೂಳೆಯ ಮಣಿ) ಕುಸಿಯುವ ಅಪಾಯವಿದೆ. ಬಿಡುವಾಗ ಅಲೆಂಡ್ರೋನೇಟ್, ಜೋಲೆಡ್ರೋನೇಟ್‌ನಂಥ ಬಿಸ್‌ಫಾಸ್ಫೊನೇಟ್‌ಗೆ ದಾಟಿಸಿಯೇ ಬಿಡಬೇಕು.