ಹುಟ್ಟಿದ ತಿಂಗಳಿಗೂ ಸ್ಕಿಜೋಫ್ರೀನಿಯಾಕ್ಕೂ ಇರುವ ನಂಟು

ಮಗನಿಗೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯಿದೆ ಎಂದು ವೈದ್ಯರು ಹೇಳಿದ ಮೇಲೆ ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಔಷಧಿ ಚೀಟಿಯ ಜೊತೆಗೆ ಜಾತಕವೂ ಹೊರಬರುತ್ತದೆ. ಹುಟ್ಟಿದ್ದು ಅಮಾವಾಸ್ಯೆಯಲ್ಲೋ, ಮೂಲಾ ನಕ್ಷತ್ರದಲ್ಲೋ, ಬಸುರಿಯಿದ್ದಾಗ ಗ್ರಹಣ ಹಿಡಿದಿತ್ತೋ? ಇವಕ್ಕೂ ಕಾಯಿಲೆಗೂ ಸಂಬಂಧವಿಲ್ಲ. ಆದರೆ ಹುಟ್ಟಿದ ಋತುವಿನ ವಿಷಯ ಬೇರೆ. ಅದರ ಬಗ್ಗೆ ಸುಮಾರು ಒಂದು ಶತಮಾನದಿಂದ ಸಂಶೋಧನೆ ನಡೆದಿದೆ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಮೊರಿಟ್ಸ್ ಟ್ರಾಮರ್ 1929ರಲ್ಲೇ ಹುಟ್ಟಿದ ಋತುವಿಗೂ ಈ ಕಾಯಿಲೆಗೂ ಇರುವ ನಂಟನ್ನು ಗಮನಿಸಿದ್ದರು. 1999ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಸುಮಾರು 17.5 ಲಕ್ಷ ಜನರ ದಾಖಲೆ ಜಾಲಾಡಿದಾಗ, ಫೆಬ್ರುವರಿ–ಮಾರ್ಚ್‌ನಲ್ಲಿ ಹುಟ್ಟಿದವರಲ್ಲಿ ಅಪಾಯ ಹೆಚ್ಚು, ಆಗಸ್ಟ್–ಸೆಪ್ಟೆಂಬರ್‌ನವರಲ್ಲಿ ಕಡಿಮೆ ಎಂದು ಕಂಡಿತು. ಉತ್ತರಾರ್ಧಗೋಳದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರೆ ಚಳಿಗಾಲ, ವಸಂತದಲ್ಲಿ ಹುಟ್ಟಿದವರಲ್ಲಿ ಈ ಹೆಚ್ಚಳ ಶೇ. 5ರಿಂದ 8ರಷ್ಟು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಲೆಕ್ಕ ಹಾಕಿದರೆ ಹಾಗಲ್ಲ: ಹತ್ತು ಸಾವಿರ ಜನರಲ್ಲಿ ಸುಮಾರು 70 ಮಂದಿಗೆ ಬರುವ ಕಾಯಿಲೆ 75 ಮಂದಿಗೆ ಬಂದಂತೆ. ಅದೇ ಡೆನ್ಮಾರ್ಕಿನಲ್ಲಿ ತಾಯಿಗೆ ಕಾಯಿಲೆಯಿದ್ದವರ ಅಪಾಯ ಒಂಬತ್ತು ಪಟ್ಟು, ರಾಜಧಾನಿಯಲ್ಲಿ ಹುಟ್ಟಿದವರದು ಎರಡು ಪಟ್ಟಿಗೂ ಮಿಗಿಲು. ತಾಯಿಗೆ ಕಾಯಿಲೆಯಿದ್ದರೂ ಹೆಚ್ಚಿನ ಮಕ್ಕಳಿಗೆ ಅದು ಬರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ಋತು ಏನು ಮಾಡುತ್ತದೆ? ಗರ್ಭದಲ್ಲಿ ಮಿದುಳು ರೂಪುಗೊಳ್ಳುವಾಗ ತಾಯಿಗೆ ತಗಲುವ ಫ್ಲೂ ಜ್ವರ ಒಂದು ಶಂಕೆ. ಇನ್ನೊಂದು, ಬಿಸಿಲಿನ ಅಭಾವದಿಂದ ಕುಸಿಯುವ ವಿಟಮಿನ್ ಡಿ. ಡೆನ್ಮಾರ್ಕಿನಲ್ಲಿ ಪ್ರತಿ ಶಿಶುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ತೆಗೆದ ರಕ್ತದ ಹನಿಗಳನ್ನು ಕಾಗದದ ಮೇಲೆ ಒಣಗಿಸಿ, ದಶಕಗಳ ಕಾಲ ಜೋಪಾನವಾಗಿ ಇಟ್ಟಿದ್ದಾರೆ. ಆ ಒಣಗಿದ ಕಲೆಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಟಮಿನ್ ಡಿ ತೀರಾ ಕಡಿಮೆಯಿದ್ದ ಶಿಶುಗಳಿಗೆ ಮುಂದೆ ಸ್ಕಿಜೋಫ್ರೀನಿಯಾ ಬರುವ ಅಪಾಯ ಶೇ. 44ರಷ್ಟು ಹೆಚ್ಚಿತ್ತು. ಕಾರಣ ಇದೇ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಇಷ್ಟು ಸಣ್ಣ ಹನಿ ಇಷ್ಟು ದೂರದ ಸುಳಿವು ಕೊಟ್ಟದ್ದು ನನಗೆ ಬಹಳ ದೊಡ್ಡ ವಿಷಯವೆನಿಸುತ್ತದೆ.

ಸಮಭಾಜಕ ವೃತ್ತದ ಹತ್ತಿರ ಬಂದಷ್ಟೂ ಋತುವಿನ ಪ್ರಭಾವ ಮಸುಕಾಗುತ್ತದೆ. ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನ ಹಗಲು ಏಳು ಗಂಟೆ. 13 ಡಿಗ್ರಿ ಅಕ್ಷಾಂಶದ ಹಾಸನದಲ್ಲಿ ಆಗಲೂ ಹನ್ನೊಂದು ಗಂಟೆಗೂ ಹೆಚ್ಚು. ನಮ್ಮಲ್ಲಿ ಬಿಸಿಲು ಮಾಯವಾಗುವುದು ಚಳಿಗಾಲದಲ್ಲಲ್ಲ, ಮಳೆಗಾಲದಲ್ಲಿ. ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಜುಲೈ ತಿಂಗಳೆಲ್ಲ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಕೆಲಸ ಮಾಡುವ ಹೆಂಗಸರ ಆಕಾಶವೇ ಬೇರೆ. ಆದ್ದರಿಂದ ಡೆನ್ಮಾರ್ಕಿನ ಫೆಬ್ರುವರಿಯನ್ನು ತಂದು ಮಲೆನಾಡಿನ ಮಗುವಿನ ಹಣೆಗೆ ಅಂಟಿಸುವಂತಿಲ್ಲ. ಮಲೆನಾಡಿನ ಪ್ರಶ್ನೆಗೆ ಮಲೆನಾಡಿನ ಹೆರಿಗೆ ದಾಖಲೆಗಳಿಂದಲೇ ಉತ್ತರ ಹುಡುಕಬೇಕು.

"ಆಗ ನನಗೆ ಜ್ವರ ಬಂದಿತ್ತು ಡಾಕ್ಟ್ರೇ, ಅದಕ್ಕೇ ಹೀಗಾಯಿತಾ?" ಎಂದು ಕೇಳುವ ತಾಯಂದಿರಿದ್ದಾರೆ. ಇಲ್ಲಮ್ಮ, ನಿಮ್ಮ ತಪ್ಪಿಲ್ಲ. ಅನೇಕ ವಂಶವಾಹಿಗಳೂ ಪರಿಸರದ ಹಲವು ಅಂಶಗಳೂ ಸೇರಿದಾಗ ಬರುವ ಕಾಯಿಲೆಯಿದು. ವೈದ್ಯರಿಗೆ ಮುಖ್ಯವಾಗಿ ಬೇಕಾದದ್ದು ಹುಡುಗ ನಿದ್ದೆಗೆಟ್ಟದ್ದು, ಕಾಲೇಜು ಬಿಟ್ಟದ್ದು, ಯಾರೋ ಮಾತಾಡುತ್ತಿದ್ದಾರೆ ಎಂದದ್ದು ಯಾವಾಗಿನಿಂದ ಎಂಬ ವಿವರ. ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಯಾರನ್ನು ಕೇಳುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.